ಮೀಸಲು ಪಡೆ, ಅಳತೆಯ ಟೇಪು ಮತ್ತು ನಾವು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವೇದಿಕೆಯ ಮೇಲಿನ ಹಿರಿಯರೇ, ಮುಂದೆ ಚಾಪೆಯ ಮೇಲೆ ಕುಂತ ಅವ್ವಂದಿರೇ, ಹಿಂದೆ ಗೋಡೆಗೆ ಒರಗಿ ನಿಂತ ಗೆಳೆಯರೇ, ಬಿ.ಎ. ಓದುವ ನನಗೆ ಸಂಘದವರು ಭರ್ತಿಯ ವಿಷಯ ಕೊಟ್ಟಿದ್ದಾರೆ. ನಮ್ಮ ಓಣಿಯಲ್ಲಿ ‘ಭರ್ತಿ’ ಅಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಸುಕಿನಾಗ ಅಕ್ಕಲಕೋಟ ರಸ್ತೆಯಲ್ಲಿ ಓಡುವ ಹುಡುಗರನ್ನು ನೀವೆಲ್ಲ ನೋಡೀರಿ. ಅವರಲ್ಲಿ ನಿಮ್ಮ ಮಕ್ಕಳೂ ಇದ್ದಾರೆ.

ಒಂದು ಶಬ್ದದಿಂದ ಶುರು ಮಾಡ್ತೀನಿ. ಸೋಲಾಪುರದ ವಿಜಾಪುರ ರಸ್ತೆಗೆ ಸೋರೆಗಾಂವ ಹತ್ತಿರ ಎಸ್.ಆರ್.ಪಿ. ಕ್ಯಾಂಪ್ ಐತಿ. ರಾಜ್ಯ ರಾಖೀವ ಪೊಲೀಸ್ ಬಲ, ಗಟ 10. ಮರಾಠಿಯ ‘ರಾಖೀವ’ ಅಂದರೆ ನಮ್ಮ ಕನ್ನಡದ ‘ಮೀಸಲು’. ದೇವರಿಗೆ ಮೀಸಲು ಅಂತ ಅಜ್ಜಿ ಹಾಲು ತೆಗೆದಿಡ್ತಿದ್ದಳಲ್ಲ, ಅದೇ ಶಬ್ದ. ಚಲೋದನ್ನ ಬ್ಯಾರೆ ತೆಗೆದಿಡೋದು. ಗಲಭೆ ಇರಲಿ, ಚುನಾವಣೆ ಇರಲಿ, ಗಡಚಿರೋಲಿಯ ಅಡವಿ ಇರಲಿ, ಸಾಮಾನ್ಯ ಪೊಲೀಸರಿಗೆ ಭಾರ ಆದಾಗ ಕಳಿಸಲಿಕ್ಕೆ ಇಟ್ಟ ಗಟ್ಟಿ ಮಂದಿಯೇ ಮೀಸಲು ಪಡೆ. ಪಡೆಯ ಮುಂದೆ ಈ ಶಬ್ದ ಬಂದರೆ ಮಾನ. ನಮ್ಮ ಸೀಟಿನ ಮುಂದೆ ಬಂದರೆ ಮಾತ್ರ ಕೆಲವರ ಮುಖ ಬ್ಯಾರೆ ಆಗತೈತಿ. ‘ಕೋಟಾದವ, ಅಳತಿ ಕಡಿಮೆ ಮಾಡಿ ತಗೊಂಡಾರ’ ಅಂತಾರ.

ಹಂಗಾದ್ರ ಅಳತಿ ಏನೈತಿ ನೋಡೋಣ. ಎಸ್.ಆರ್.ಪಿ.ಗೆ ಗಂಡುಮಕ್ಕಳ ಎತ್ತರ 168 ಸೆಂಟಿಮೀಟರ್. ಎದೆ 79, ಉಸಿರು ತುಂಬಿದರೆ ಇನ್ನೂ 5 ಉಬ್ಬಬೇಕು. 5 ಕಿಲೋಮೀಟರ್ ಓಟಕ್ಕೆ 50 ಅಂಕ, 100 ಮೀಟರಿಗೆ 25, ಗೋಳಾಫೇಕಿಗೆ 25. ಪರಿಶಿಷ್ಟ ಜಾತಿಯ ಹುಡುಗನಿಗೆ ಎತ್ತರ 166 ನಡೀತೈತಿ ಅಂತ ಎಲ್ಲೂ ಬರೆದಿಲ್ಲ. ಅವನ ಗುಂಡಿನ ತೂಕವೂ 7.260 ಕಿಲೋನೇ. ನಮಗೆ ವಯಸ್ಸಿನಲ್ಲಿ 5 ವರ್ಷ ಹೆಚ್ಚು ಸಿಗತೈತಿ, ಆಯ್ಕೆಯ ಯಾದಿ ಬ್ಯಾರೆ ಇರತೈತಿ. ಅದನ್ನ ಮುಚ್ಚಿಡೋ ಕಾರಣ ಇಲ್ಲ, ಅದು ಸಂವಿಧಾನ ಕೊಟ್ಟ ಹಕ್ಕು. ಆದರೆ ಟೇಪು ಒಂದೇ. ಗಡಿಯಾರ ಒಂದೇ. ಇನ್ನು ಸೈನ್ಯದ ಭರ್ತಿಯಲ್ಲಂತೂ ಜಾತಿಯ ಮೀಸಲಾತಿಯೇ ಇಲ್ಲ.

ಟೇಪು ಬಿಟ್ಟು ಜಾತಿಯಿಂದ ಅಳೆದ ಕಾಲ ಹೆಂಗಿತ್ತು ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿತ್ತು. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಹೋರಾಡಿದ ಮಹಾರ ಸಿಪಾಯಿಗಳು ಬೊಂಬಾಯಿ ಸೈನ್ಯದವರು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ ಸುಬೇದಾರರು. ಆಮೇಲೆ 1890ರ ದಶಕದಲ್ಲಿ ಬ್ರಿಟಿಷರು ಕೆಲವು ಜಾತಿಗಳಷ್ಟೇ ‘ಯೋಧ ಜಾತಿ’ ಅಂತ ಠರಾಯಿಸಿ ನಮ್ಮವರ ಭರ್ತಿ ನಿಲ್ಲಿಸಿದರು. ಎತ್ತರ ಕಡಿಮೆ ಆಗಿರಲಿಲ್ಲ, ಓಟ ನಿಧಾನ ಆಗಿರಲಿಲ್ಲ. ಸೈನ್ಯದಲ್ಲಿ ನೌಕರಿ ಮಾಡಿ ಬಂದಿದ್ದ ಗೋಪಾಳಬಾಬಾ ವಲಂಗಕರ 1894ರಲ್ಲಿ ಇದರ ವಿರುದ್ಧ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಮತ್ತೆ ಬರೆದರು. ಬಾಗಿಲು ತೆರೆದದ್ದು ಅರ್ಜಿಯಿಂದಲ್ಲ, ಯುದ್ಧದಿಂದ. ಮಂದಿ ಸಾಲದಾದಾಗ 1917ರಲ್ಲಿ 111ನೇ ಮಹಾರ ಪಲ್ಟಣ ಕಟ್ಟಿದರು. ಯುದ್ಧ ಮುಗೀತು, 1921ರಲ್ಲಿ ಅದನ್ನೂ ಮುಚ್ಚಿದರು. ಎರಡನೇ ಮಹಾಯುದ್ಧದಲ್ಲಿ ಬಾಬಾಸಾಹೇಬರು ರಕ್ಷಣಾ ಸಲಹಾ ಸಮಿತಿಯಲ್ಲಿ ಕುಂತು ಪಟ್ಟು ಹಿಡಿದ ಮೇಲೆ, 1941ರ ಅಕ್ಟೋಬರಿನಲ್ಲಿ ಮಹಾರ ರೆಜಿಮೆಂಟಿನ ಮೊದಲ ಬೆಟಾಲಿಯನ್ ನಿಂತಿತು. ಎಲ್ಲಿ? ನಮ್ಮ ಕನ್ನಡ ನಾಡಿನ ಬೆಳಗಾವಿಯಲ್ಲಿ. ಇವತ್ತು ಆ ರೆಜಿಮೆಂಟಿನಲ್ಲಿ ಎಲ್ಲ ಜಾತಿಯವರೂ ಇದ್ದಾರೆ. 1987ರಲ್ಲಿ ಶ್ರೀಲಂಕಾದಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ 8ನೇ ಮಹಾರದವರು.

ಇದನ್ನ ಯಾಕ ಹೇಳಿದೆ ಅಂದ್ರ, ಸಂಖ್ಯೆ ಬೇಕಾದಾಗ ಕರೆದು, ಬೇಡಾದಾಗ ಮನೆಗೆ ಕಳಿಸೋ ಭರ್ತಿ ನಮಗೆ ಉಳಿಯೋದಿಲ್ಲ. ಅಳತಿ ಸಡಿಲ ಮಾಡಿ ಒಳಗೆ ತಗೊಂಡವರನ್ನ ಮೊದಲು ಬೆರಳು ಮಾಡಿ ತೋರಸ್ತಾರ, ಮೊದಲು ಹೊರಗೂ ಹಾಕ್ತಾರ. ಹಿಂಗಾಗಿ ಪಡೆ ಬೆಳೆಸುವಾಗ ಮಟ್ಟ ಇಳಿಸಬ್ಯಾಡ್ರಿ ಅಂತ ಗಟ್ಟಿಯಾಗಿ ಹೇಳಬೇಕಾದವರು ನಾವು.

ಈಗ ಪಡೆ ಬೆಳೆಸೋ ಮಾತು ನಡದೈತಿ. 1949ರಿಂದ ಇರುವ ಟೆರಿಟೋರಿಯಲ್ ಆರ್ಮಿ ಅಂದರೆ ಸೈನ್ಯದ ಮೀಸಲು ದಂಡು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದರ ಸಿಪಾಯಿಗಳನ್ನು ಸೇವೆಗೆ ಕರೆಯುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲಿಕ್ಕೆ ಒಪ್ಪಿತು. ನಮಗೆ ಹತ್ತಿರದವು ಕೊಲ್ಹಾಪುರದ 109, ಬೆಳಗಾವಿಯ 115. ಈ 115 ಸಹ ಮಹಾರ ರೆಜಿಮೆಂಟಿನದೇ. ವಯಸ್ಸು 18ರಿಂದ 42, ಎತ್ತರ 160, ಹತ್ತನೇ ಇಯತ್ತೆಯಲ್ಲಿ ಶೇ. 45. ಆದರೆ ಅವ್ವಂದಿರಿಗೆ ಒಂದು ಮಾತು: ಇದು ಪೂರ್ತಿ ನೌಕರಿ ಅಲ್ಲ. ವರ್ಷಕ್ಕೆ ಸುಮಾರು ಎರಡು ತಿಂಗಳು ತರಬೇತಿ, ಕರೆ ಬಂದಾಗ ಸೇವೆ, ಉಳಿದಂತೆ ತನ್ನ ಹೊಟ್ಟೆ ತಾನೇ ನೋಡಿಕೋಬೇಕು. ಹೊಲ ಮಾರಿ, ಸಾಲ ಮಾಡಿ ಯಾರಿಗೋ ರೊಕ್ಕ ಕೊಟ್ಟು ಇದಕ್ಕೆ ಸೇರಸ್ತೀನಿ ಅನ್ನೋರನ್ನ ಬಾಗಿಲ ಒಳಗೆ ಬಿಡಬ್ಯಾಡ್ರಿ.

ಧೋನಿ ವಿಷಯ ಹುಡುಗರಿಗೆ ಇಷ್ಟ. 2011ರಲ್ಲಿ ಟಿ.ಎ. ಪ್ಯಾರಾದಲ್ಲಿ ಅವರಿಗೆ ಲೆಫ್ಟಿನೆಂಟ್ ಕರ್ನಲ್ ಗೌರವ ಹುದ್ದೆ ಕೊಟ್ಟರು. ಎದೆ ಮೇಲಿನ ಪ್ಯಾರಾ ರೆಕ್ಕೆ ಮಾತ್ರ ಹುದ್ದೆ ಜೊತೆ ಬರಲಿಲ್ಲ. 2015ರಲ್ಲಿ ಆಗ್ರಾಕ್ಕೆ ಹೋಗಿ, ತರಬೇತಿ ಮಾಡಿ, ವಿಮಾನದಿಂದ ಐದು ಸಲ ಜಿಗಿದರು, ಆಮೇಲೆ ಸಿಕ್ಕಿತು. ವಿಶ್ವಕಪ್ ಗೆದ್ದವರಿಗೂ ಜಿಗಿತದ ಲೆಕ್ಕ ಬಿಡಲಿಲ್ಲ.

ಅಳತಿ ಒಂದೇ ಇರಲಿ ಅಂದಾಗ ಇನ್ನೊಂದು ಮಾತೂ ಹೇಳಬೇಕು. ಟೇಪಿನ ಹತ್ತಿರ ಬರೋ ದಾರಿ ಎಲ್ಲರಿಗೂ ಒಂದೇ ಇಲ್ಲ. 2024ರಲ್ಲಿ ಮಹಾರಾಷ್ಟ್ರ ಪೊಲೀಸ್ ಭರ್ತಿಯ 17,471 ಜಾಗಕ್ಕೆ 17 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಅದೇ ವರ್ಷ ನವೆಂಬರಿನಲ್ಲಿ ಬೆಳಗಾವಿಯ ಟಿ.ಎ. ಭರ್ತಿಗೆ ಸಾವಿರಾರು ಹುಡುಗರು ಬಂದು ನೂಕುನುಗ್ಗಲಾಯಿತು. ಆ ಗದ್ದಲದಾಗ ಫುಟ್‌ಪಾತಿನ ಮ್ಯಾಲೆ ಮಲಗಿ, ವಡಾಪಾವ್ ತಿಂದು ಮುಂಜಾನೆ ಓಡೋ ಹುಡುಗನೂ, ಅಕಾಡೆಮಿಯಲ್ಲಿ ವರ್ಷಗಟ್ಟಲೆ ಮೊಟ್ಟೆ, ಹಾಲು ತಿಂದು ಬಂದವನೂ ಒಂದೇ ಗೆರೆ ಮೇಲೆ ನಿಲ್ತಾರ. ಗಡಿಯಾರಕ್ಕೆ ಇದು ಕಾಣೋದಿಲ್ಲ. ಇದು ಕಾಣಬೇಕಾದದ್ದು ಸರ್ಕಾರಕ್ಕೆ, ಸಂಘಕ್ಕೆ, ನಮಗೆ.

ನಮ್ಮ ಕಡೆ ಇನ್ನೊಂದು ಗಂಟು ಐತಿ. ಪೊಲೀಸ್ ಭರ್ತಿಯ ಲೇಖಿ ಪರೀಕ್ಷೆ ಮರಾಠಿಯಲ್ಲಿ, ಅದರಾಗ ಮರಾಠಿ ವ್ಯಾಕರಣವೂ ಒಂದು ವಿಷಯ. ಮೈಂದರ್ಗಿ, ದುಧನಿ, ನಾಗಣಸೂರ, ತಡವಳ ಕಡೆ ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಮೈದಾನದಲ್ಲಿ ಮುಂದೆ ಬಂದು, ‘ಸಮಾಸ’ ‘ಪ್ರಯೋಗ’ದಲ್ಲಿ ಬೀಳ್ತಾನ. ಮರಾಠಿ ಬ್ಯಾಡ ಅಂತ ನಾನು ಹೇಳೋದಿಲ್ಲ, ಪಂಚನಾಮೆ ಮರಾಠಿಯಲ್ಲೇ ಬರೀಬೇಕಾಗತೈತಿ. ಕನ್ನಡ ಶಾಲೆ ಬಿಡಬೇಕಂತಲೂ ಹೇಳೋದಿಲ್ಲ. ಕನ್ನಡ ಶಾಲೆಯಲ್ಲೇ ಮರಾಠಿಯನ್ನ ಸರಿಯಾಗಿ ಕಲಿಸೋ ಮಾಸ್ತರು ಬೇಕು ಅಂತ ನಾವು ಜಿಲ್ಲಾ ಪರಿಷತ್ತಿಗೆ ಅರ್ಜಿ ಕೊಡೋಣ. ವಲಂಗಕರ 1894ರಲ್ಲಿ ಬರೆದರು, ನಾವು ಈಗ ಬರೆಯಲಿಕ್ಕೆ ಏನು ಅಡ್ಡಿ?

ಅಲ್ಲಿಯ ತನಕ ನಮ್ಮ ಕೈಲಿ ಆಗೋದನ್ನ ನಾವು ಮಾಡೋಣ. ಮಂಡಳದ ವರ್ಗಣಿಯಿಂದ ಈ ಸಲ ಡಿ.ಜೆ.ಗೆ ಕೊಡೋ ರೊಕ್ಕದಾಗ ಒಂದಿಷ್ಟು ತೆಗೆದು ಒಂದು ಗೋಳಾ, ಒಂದು ಟೇಪು, ಎರಡು ಸ್ಟಾಪ್‌ವಾಚ್ ತರೋಣ. (ಡಿ.ಜೆ. ಅಂದಕೂಡಲೇ ಹಿಂದಿನ ಸಾಲಿನವರು ನನ್ನನ್ನ ಹೆಂಗ ನೋಡಾಕತ್ತಾರ ನೋಡ್ರಿ.) ಹೆಣ್ಣುಮಕ್ಕಳಿಗೆ 4 ಕಿಲೋದ ಗೋಳಾ ಬ್ಯಾರೆ ಬೇಕು. ಪೊಲೀಸ್ ಭರ್ತಿಗೆ ಅವರ ಎತ್ತರ 155, ಓಟ 800 ಮೀಟರ್. ಅವರು ನಸುಕಿನಾಗ ಓಡಬೇಕಂದ್ರ ರಸ್ತೆ ಮ್ಯಾಲೆ ದೀಪ ಬೇಕು, ಜೊತೆಗೆ ಒಬ್ಬ ಅಕ್ಕ ಬೇಕು. ಸಂಜೆ ಸಮಾಜ ಮಂದಿರದಲ್ಲಿ ಒಂದು ತಾಸು ಮರಾಠಿ ವ್ಯಾಕರಣ, ಒಂದು ತಾಸು ಗಣಿತ. ಕಲಿಸಲಿಕ್ಕೆ ನಾನು ಬರ್ತೀನಿ, ನನ್ನ ವರ್ಗದ ಇನ್ನಿಬ್ಬರು ಒಪ್ಪಿದಾರ.

ಹೆಸರು ಬರೆಸೋರು ಕಾರ್ಯದರ್ಶಿಗಳ ಹತ್ತಿರ ಇವತ್ತೇ ಬರೆಸ್ರಿ. ಎತ್ತರವನ್ನ ಬರಿಗಾಲಲ್ಲಿ ಗೋಡೆಗೆ ನಿಂತು ಅಳೆದುಕೊಂಡು ಬರ್ರಿ, ಕಣ್ಣಂದಾಜಿನ ಲೆಕ್ಕ ಹೇಳಬ್ಯಾಡ್ರಿ.

ಜೈ ಭೀಮ್.