ಇಲ್ಲದ ಕುರುಬ, ಬೆಳೆದ ಕಾಡು

ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಮನೋಸ್ಕ್ ಎಂಬ ಊರಿದೆ. ಕಾದಂಬರಿಕಾರ ಜಾನ್ ಜಿಯೊನೊ 1895ರಲ್ಲಿ ಹುಟ್ಟಿದ್ದು, 1970ರಲ್ಲಿ ಕಣ್ಣುಮುಚ್ಚಿದ್ದು ಎರಡೂ ಅಲ್ಲೇ. ಅಪ್ಪ ಬೂಟು ಹೊಲಿಯುತ್ತಿದ್ದರು, ಅಮ್ಮ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಹದಿನಾರಕ್ಕೇ ಓದು ಬಿಟ್ಟು ಬ್ಯಾಂಕು ಸೇರಿದ ಹುಡುಗ, ಮೊದಲ ಮಹಾಯುದ್ಧದ ವರ್ಡನ್ ರಣಭೂಮಿಯಿಂದ ಜೀವ ಉಳಿಸಿಕೊಂಡು ಬಂದ ಮೇಲೆ ಯುದ್ಧವನ್ನು ಮತ್ತೆಂದೂ ಒಪ್ಪಲಿಲ್ಲ. ಅದಕ್ಕಾಗಿ 1939ರಲ್ಲಿ ಜೈಲೂ ಕಂಡರು.

1953ರಲ್ಲಿ ಅಮೆರಿಕದ ಪತ್ರಿಕೆಯೊಂದು ಜಿಯೊನೊ ಅವರನ್ನು, ನೀವು ಕಂಡ ಅಪರೂಪದ ವ್ಯಕ್ತಿಯ ಬಗ್ಗೆ ಬರೆಯಿರಿ ಎಂದು ಕೇಳಿತು. ಬೋಳುಗುಡ್ಡದಲ್ಲಿ ಒಬ್ಬನೇ ಓಕ್ ಬೀಜ ಊರುತ್ತ ಕಾಡು ಎಬ್ಬಿಸಿದ ಕುರುಬನೊಬ್ಬನ ಬಗ್ಗೆ ಬರೆದು ಕಳಿಸಿದರು. ಪತ್ರಿಕೆಯವರು ವಿಚಾರಿಸಿ ನೋಡಿದರೆ ಅಂಥ ಕುರುಬನೇ ಇರಲಿಲ್ಲ! ಬರಹ ತಿರಸ್ಕೃತವಾಯಿತು. ಆದರೂ ಮುಂದೆ ಅದು ಹತ್ತಾರು ಭಾಷೆಗಳಿಗೆ ಹೋಯಿತು. ಅದರಿಂದ ತನಗೆ ಒಂದು ಕಾಸೂ ಬಂದಿಲ್ಲವೆಂದು ಜಿಯೊನೊ ಹೆಮ್ಮೆಯಿಂದಲೇ ಹೇಳಿಕೊಂಡರು.