ಪಾನಾ ಹಿಡಿದ ಕೈಗೆ ಮೊದಲ ನಮಸ್ಕಾರ

ಈ ಹಳೆಯ ಮೋಟಾರ್‌ಸೈಕಲ್‌ಗಳ ಪ್ರದರ್ಶನಕ್ಕಾಗಿ ದುಡಿದ ಧಾರೇಶ್ವರದ ತರುಣರೇ, ಕುಮಟಾ, ಹೊನ್ನಾವರ, ಭಟ್ಕಳಗಳಿಂದ ಬಂದಿರುವ ಗ್ಯಾರೇಜಿನ ಮೇಸ್ತ್ರಿಗಳೇ, ಅವರ ಮನೆಮಂದಿಯೇ,

ಧಾರಾನಾಥನ ಸನ್ನಿಧಿಯ ಈ ಊರಿನಲ್ಲಿ ದೀಪ ಬೆಳಗುವ ಗೌರವವನ್ನು ನನಗೆ ಕೊಟ್ಟಿದ್ದೀರಿ. ರೇಸ್ ಎಂದೊಡನೆ ಗಾಡಿ ಓಡಿಸಿದವರ ಹೆಸರು ಕೇಳಿಬರುತ್ತದೆ. ನೀವು ಈ ಪ್ರದರ್ಶನವನ್ನು ಗಾಡಿ ರಿಪೇರಿ ಮಾಡಿದವರ ನೆನಪಿಗೆ ಅರ್ಪಿಸಿದ್ದೀರಿ. ಹಾಗಾಗಿ ಓಟ, ರಿಪೇರಿ, ಸಂಸಾರ ಮೂರನ್ನೂ ಪ್ರೀತಿಯಿಂದ ನಡೆಸಿದ ಒಬ್ಬರನ್ನು ಇಂದು ನೆನೆಯುತ್ತೇನೆ.

ಉತ್ತರ ಐರ್ಲೆಂಡಿನ ಬ್ಯಾಲಿಮನಿ ಎಂಬ ಸಣ್ಣ ಪಟ್ಟಣದ ಜೋಯಿ ಡನ್ಲಪ್ ಹುಟ್ಟಿದ್ದು 1952ರಲ್ಲಿ. ಐದು ಮಕ್ಕಳ ತಂದೆ. ಊರಿನಲ್ಲಿ ಒಂದು ಪಬ್ ನಡೆಸುತ್ತಿದ್ದರು. ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಮೋಟಾರ್‌ಸೈಕಲ್ ರೇಸ್ ಅವರ ಕರ್ಮಭೂಮಿ. ಒಂದು ಸುತ್ತಿಗೆ ಸುಮಾರು 60 ಕಿಲೋಮೀಟರ್. ರಸ್ತೆಯ ಪಕ್ಕದಲ್ಲೇ ಕಲ್ಲಿನ ಗೋಡೆ, ಮನೆ, ಮರ. ಅಲ್ಲಿ 1977ರಿಂದ 2000ದವರೆಗೆ 26 ಗೆಲುವು. ಕಂಪನಿಯ ತಂಡವೇ ಬೆನ್ನಿಗಿದ್ದರೂ ತಮ್ಮ ಸಣ್ಣ ಗಾಡಿಗಳ ಎಂಜಿನ್ ಅನ್ನು ತಾವೇ ಬಿಚ್ಚಿ, ತಾವೇ ಜೋಡಿಸಿ, ಕಿವಿಗೊಟ್ಟು ಕೇಳಿ ಹದಕ್ಕೆ ತರುತ್ತಿದ್ದರು. ಗೆದ್ದ ಮೇಲೂ ಅವರ ಉಗುರಿನ ಸಂದಿಯ ಗ್ರೀಸು ಹೋಗಲಿಲ್ಲ.

ಕಡಲ ಮಕ್ಕಳಾದ ನಿಮಗೆ ಅವರ ಬದುಕಿನ ಇನ್ನೊಂದು ಸಂಗತಿ ಹೇಳಬೇಕು. 1985ರಲ್ಲಿ ಒಂದು ಹಳೆಯ ಮೀನುಗಾರಿಕೆ ದೋಣಿಗೆ ಬೈಕುಗಳನ್ನು ಹೇರಿಕೊಂಡು ಗೆಳೆಯರೊಡನೆ ರೇಸಿಗೆ ಹೊರಟಿದ್ದರು. ದೋಣಿ ಬಂಡೆಗೆ ಬಡಿದು ಮುಳುಗಿತು. ರಕ್ಷಣಾ ದೋಣಿಯವರು ಎಲ್ಲರನ್ನೂ ಉಳಿಸಿದರು. ಬೈಕುಗಳನ್ನು ಮುಳುಗುತಜ್ಞರು ಆಮೇಲೆ ಮೇಲೆತ್ತಿದರು. ಅದೇ ವರ್ಷದ ಟಿಟಿಯಲ್ಲಿ ಡನ್ಲಪ್ ಮೂರು ರೇಸ್ ಗೆದ್ದರು. ಬಿಡುವಾದಾಗ ವ್ಯಾನಿನ ತುಂಬ ಅನ್ನ, ಬಟ್ಟೆ ಹೇರಿಕೊಂಡು ರೊಮೇನಿಯಾ, ಬೋಸ್ನಿಯಾ, ಅಲ್ಬೇನಿಯಾಗಳ ಅನಾಥ ಮಕ್ಕಳ ಬಳಿಗೆ ಸ್ವತಃ ಗಾಡಿ ಓಡಿಸಿಕೊಂಡು ಹೋಗುತ್ತಿದ್ದರು.

ಅಂಥ ಮನಸ್ಸು, ಅಂಥ ಕೈ ನಮ್ಮ ಕರಾವಳಿಯಲ್ಲೂ ಇದೆ. ಇಲ್ಲಿ ಸಾಲಾಗಿ ನಿಂತಿರುವ ಜಾವಾ, ಯೆಜ್ಡಿಗಳನ್ನು ನೋಡಿ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿಗಳ ವಂಶ ಇದು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ಕರ್ ಆದ ಲಿವರೇ ಗೇರ್ ಲಿವರ್ ಕೂಡ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಮೇಲೂ ಗಾಡಿಗಳು ಓಡಿದ್ದು ಮೇಸ್ತ್ರಿಗಳ ದೆಸೆಯಿಂದ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಉಪ್ಪುಗಾಳಿ, ದೇವಿಮನೆ ಮತ್ತು ಗೇರುಸೊಪ್ಪೆ ಘಾಟಿಗಳ ಏರು: ಇವುಗಳ ನಡುವೆ ಸೈಲೆನ್ಸರಿನ ಕಿಟ್ಟ ಸುಟ್ಟು, ಪಾಯಿಂಟ್ ಉಜ್ಜಿ, ಸಿಗದ ಬಿಡಿಭಾಗವನ್ನು ಲೇತ್ ಮೇಲೆ ತಾವೇ ಕಡೆದು ಗಾಡಿಗಳನ್ನು ಜೀವಂತ ಇಟ್ಟವರು ಅವರು.

ಈ ರಿಪೇರಿ ವಿದ್ಯೆಗೆ ರೇಸಿನ ಲೋಕದಲ್ಲೂ ಬೆಲೆಯಿದೆ. ನಮ್ಮ ಪಕ್ಕದ ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಮರುಭೂಮಿಯ ಓಟವಾದ ಡಕಾರ್ ರ್‍ಯಾಲಿಯನ್ನು ಪೂರೈಸಿದರು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲೇ ಅದರ ಅಂತಿಮ ಗೆರೆ ದಾಟಿದ ಮೊದಲ ಭಾರತೀಯ. ಅದೇ ಡಕಾರ್‌ನಲ್ಲಿ ಒಂದು ವಿಭಾಗವಿದೆ: ಅಲ್ಲಿ ಸವಾರನಿಗೆ ಮೆಕ್ಯಾನಿಕ್ ಇಲ್ಲ. ದಿನವಿಡೀ ಮರಳಿನಲ್ಲಿ ಓಡಿಸಿ ಬಂದು, ತನ್ನ ಗಾಡಿಯನ್ನು ತಾನೇ ಸರಿಮಾಡಿಕೊಳ್ಳಬೇಕು. ರೇಸಿನ ಲೋಕ ಆ ಸವಾರರಿಗೆ ವಿಶೇಷ ಮರ್ಯಾದೆ ಕೊಡುತ್ತದೆ. ವೇಗದ ಬೇರು ರಿಪೇರಿಯಲ್ಲಿದೆ ಎಂಬುದನ್ನು ಬಲ್ಲವರು ಕೊಡುವ ಮರ್ಯಾದೆ ಅದು.

ತರುಣರೇ, ಒಂದು ಕಹಿ ಮಾತನ್ನೂ ಹೇಳಲೇಬೇಕು. 2000ದ ಜುಲೈ 2ರಂದು ಎಸ್ಟೋನಿಯಾದ ಟಾಲಿನ್‌ನಲ್ಲಿ, ಮಳೆಗೆ ಒದ್ದೆಯಾದ ರಸ್ತೆಯಲ್ಲಿ, 125 ಸಿಸಿ ರೇಸಿನ ನಡುವೆ ಡನ್ಲಪ್ ತೀರಿಕೊಂಡರು. ಅಷ್ಟು ಬಲ್ಲವರನ್ನೂ ಒದ್ದೆ ರಸ್ತೆ ಬಿಡಲಿಲ್ಲ. ರೇಸ್‌ಗಾಗಿ ಮುಚ್ಚಿದ ರಸ್ತೆ ಅದು. ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಹೊತ್ತ ತಾಯಂದಿರು ದಾಟುವ ನಮ್ಮ ಹೆದ್ದಾರಿ 66 ರೇಸಿನ ಜಾಗವಲ್ಲ. ವೇಗದ ಆಸೆಯಿದ್ದರೆ ಟ್ರ್ಯಾಕಿಗೆ ಹೋಗಿ, ಗುರುವಿನ ಬಳಿ ಕಲಿಯಿರಿ. ಹೆಲ್ಮೆಟ್‌ನ ಪಟ್ಟಿ ಬಿಗಿಯದೆ ಮನೆಯಿಂದ ಹೊರಡಬೇಡಿ.

ಇಂದು ಇಲ್ಲಿಗೆ ಬಂದವರೆಲ್ಲರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಗಾಡಿಯ ಮುಂದೆ ಅದರ ಮಾಲೀಕರ ಹೆಸರಿನೊಂದಿಗೆ ಅದನ್ನು ಸರಿಮಾಡಿದ ಮೇಸ್ತ್ರಿಯ ಹೆಸರನ್ನೂ ಬರೆಯಿರಿ. ತೀರಿಹೋದವರ ಹೆಸರನ್ನು ಅವರ ಮಕ್ಕಳಿಂದಲೇ ಬರೆಸಿ. ಬದುಕಿರುವ ಹಿರಿಯ ಮೇಸ್ತ್ರಿಗಳ ಬಳಿಗೆ ಊರಿನ ಹುಡುಗರನ್ನೂ ಹುಡುಗಿಯರನ್ನೂ ಕೆಲಸ ಕಲಿಯಲು ಕಳಿಸಿ. ಆ ವಿದ್ಯೆ ಅವರೊಂದಿಗೇ ಮುಗಿಯಬಾರದು. ಈ ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಸಾರುತ್ತೇನೆ.