ಕುರಿಯ ಮುಖಕ್ಕೊಂದು ದರ, ಬೆನ್ನಿಗೊಂದು ದರ



ಕರೆಯೋಲೆಯಲ್ಲಿ ಇವತ್ತಿನ ವಿಷಯ ಓದಿ ಕೆಲವರು ನಕ್ಕಿರಬಹುದು. ಕೆಳದಿಯಲ್ಲಿ ಕೂತು ಹಾಲೆಂಡಿನ ಚಿತ್ರಗಳ ಹರಾಜಿನ ಮಾತೇ ಎಂದು. ಆದರೆ ಡಚ್ಚರು ನಮಗೆ ತೀರಾ ಹೊರಗಿನವರೇನಲ್ಲ. ಕೆಳದಿಯ ನಾಯಕರ ಕಾಲದಲ್ಲಿ ಘಟ್ಟದ ಕೆಳಗೆ ಬಸರೂರಿನಲ್ಲಿ ಅಕ್ಕಿ, ಮೆಣಸು ಕೊಳ್ಳುತ್ತಿದ್ದವರು ಅವರು. ಹರಾಜಂತೂ ಇಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸಾಗರ, ತೀರ್ಥಹಳ್ಳಿಯ ಮಂಡಿಗೆ ಅಡಿಕೆ ಹಾಕಿದವರಿಗೆ ಲಾಟು, ಟೆಂಡರು ಎಲ್ಲ ಬಾಯಿಪಾಠ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಂದು ವಿಂಗಡಣೆ ಇದೆ. ಚೀಲಕ್ಕೆ ಕೈಹಾಕಿ ಒಂದೆರಡು ಅಡಿಕೆ ಒಡೆದು ನೋಡಿದರೆ ಮಾಲು ಎಂಥದ್ದೆಂದು ತಿಳಿಯುತ್ತದೆ. ನಿಮ್ಮ ರಾಶಿ ಹೋದ ದರಕ್ಕೇ ಪಕ್ಕದ ತೋಟದವರ ರಾಶಿಯೂ ಹೆಚ್ಚುಕಡಿಮೆ ಹೋಗುತ್ತದೆ. ಚಿತ್ರಕ್ಕೆ ಆ ಅನುಕೂಲ ಇಲ್ಲ. ಅಂಥದ್ದು ಇನ್ನೊಂದು ಇರುವುದೇ ಇಲ್ಲ. ಹಾಗಾದರೆ ದರ ಕಟ್ಟುವುದು ಯಾವ ಆಧಾರದ ಮೇಲೆ?

ಆಂಟೋನ್ ಮೌವ ಎಂಬ ಡಚ್ ಚಿತ್ರಕಾರನಿದ್ದ. 1838ರಲ್ಲಿ ಹುಟ್ಟಿದವನು, ತೀರಿಕೊಂಡದ್ದು 1888ರಲ್ಲಿ. ಹೇಗ್ ಪಂಥ ಎಂಬ ಡಚ್ ಚಿತ್ರಕಾರರ ಗುಂಪಿನಲ್ಲಿ ದೊಡ್ಡ ಹೆಸರು. ಮೋಡ ಮುಸುಕಿದ ಆಕಾಶ, ಬಯಲು, ಆ ಬಯಲಲ್ಲಿ ಕುರಿಮಂದೆ, ಹಿಂದೆ ಒಬ್ಬ ಕುರುಬ. ಬಣ್ಣವೆಲ್ಲ ಬೂದಿ, ಮಾಸಲು ಹಸಿರು. ನಮ್ಮ ಆಷಾಢದ ಮಧ್ಯಾಹ್ನದ ಬೆಳಕಿನಂಥದ್ದು ಎನ್ನಿ. ಅಮೆರಿಕದ ಶ್ರೀಮಂತರು ಈ ಕುರಿಗಳಿಗೆ ಮುಗಿಬಿದ್ದರು. ಎಷ್ಟರ ಮಟ್ಟಿಗೆಂದರೆ, ಕುರಿಗಳು ನಮ್ಮತ್ತ ಬರುತ್ತಿರುವ ಚಿತ್ರಕ್ಕೆ ಒಂದು ದರ, ಬೆನ್ನು ತಿರುಗಿಸಿ ಹೋಗುತ್ತಿರುವ ಚಿತ್ರಕ್ಕೆ ಇನ್ನೊಂದು ದರ ಎಂದಾಯಿತು. ಅದೇ ಕೈ, ಅದೇ ಬಯಲು. ಕೊಳ್ಳುವವನ ದಿವಾನಖಾನೆಯ ಗೋಡೆಗೆ ಕುರಿಯ ಮುಖ ಬೇಕಿತ್ತು, ಅಷ್ಟೆ. ಕಲೆಯ ಬೆಲೆ ಅಂದರೆ ಏನೋ ಗಹನವಾದದ್ದು ಎಂದು ಭಾಷಣ ಮಾಡುವವರು ಕಂಡಾಗಲೆಲ್ಲ ನನಗೆ ಈ ಕುರಿಗಳು ನೆನಪಾಗುತ್ತವೆ.

ಈ ಮೌವನ ಹೆಂಡತಿಯ ಕಡೆಯ ಸಂಬಂಧಿ ಹುಡುಗನೊಬ್ಬ 1881ರ ಕೊನೆಗೆ ಅವನ ಹತ್ತಿರ ಬಣ್ಣ ಕಲಿಯಲು ಬಂದ. ಸ್ವಲ್ಪ ದಿನಕ್ಕೆ ಇಬ್ಬರಿಗೂ ಆಗಿಬರಲಿಲ್ಲ. ಆದರೂ ಗುರು ತೀರಿಕೊಂಡಾಗ ಶಿಷ್ಯ ಹೂಬಿಟ್ಟ ಪೀಚ್ ಮರದ ಚಿತ್ರವೊಂದರ ಮೇಲೆ ಅವನ ನೆನಪಿಗೆಂದು ಬರೆದ. ಆ ಶಿಷ್ಯ ವಿನ್ಸೆಂಟ್ ವ್ಯಾನ್ ಗೋ. ಬದುಕಿದ್ದಾಗ ಅವನ ಚಿತ್ರ ಕೊಂಡವರು ತೀರಾ ವಿರಳ. ಸತ್ತು ಹೆಚ್ಚುಕಡಿಮೆ 100 ವರ್ಷಕ್ಕೆ, 1990ರ ಮೇ ತಿಂಗಳಲ್ಲಿ, ಅವನ ‘ಡಾಕ್ಟರ್ ಗಾಶೆ’ ಎಂಬ ಭಾವಚಿತ್ರ ನ್ಯೂಯಾರ್ಕಿನಲ್ಲಿ 8.25 ಕೋಟಿ ಡಾಲರಿಗೆ ಹೋಯಿತು. ಇಂದು ಮೌವನ ಕುರಿಗಳು ಆ ದರದ ಹತ್ತಿರವೂ ಸುಳಿಯುವುದಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ. ಅಂದು ಸುತ್ತಿಗೆ ಬಿದ್ದದ್ದು 7.5 ಕೋಟಿಗೆ. ಉಳಿದದ್ದು ಹರಾಜು ಸಂಸ್ಥೆ ಕೊಂಡವನಿಂದ ತೆಗೆದುಕೊಂಡ ಶೇ. 10 ಕಮಿಷನ್. ಪೇಪರಿನಲ್ಲಿ ಬರುವ ದರ ಬಹಳ ಸಲ ಇವೆರಡೂ ಕೂಡಿದ್ದು. ಮಾರಿದವನ ಕೈಗೆ ಬಂದದ್ದು ಬೇರೆ.

ಕೊಳ್ಳುವವನ ರುಚಿಯ ನಂತರ ದರ ಕಟ್ಟುವುದು ಕಾಗದಪತ್ರ. ಹಾಲೆಂಡಿನಲ್ಲಿ ಕೂಕ್‌ಕೂಕ್ ಎಂಬ ಮನೆತನ ಇತ್ತು. ಅಪ್ಪ, ಮಕ್ಕಳು, ಮೊಮ್ಮಕ್ಕಳು ಎಲ್ಲ ಚಿತ್ರಕಾರರೇ. ಅವರಲ್ಲಿ ಬಾರೆಂಡ್ ಕಾರ್ನೆಲಿಸ್ (1803–1862) ಕಾಡು, ಓಕ್ ಮರ ಬರೆಯುವುದರಲ್ಲಿ ಎತ್ತಿದ ಕೈ. ಚಿತ್ರದ ಮೂಲೆಯಲ್ಲಿ ಮನೆತನದ ಹೆಸರು ಇದ್ದರೆ ಸಾಲದು, ಯಾರ ಕೈಯದು ಎಂಬುದರ ಮೇಲೆ ದರ. ಹರಾಜಿನ ಪಟ್ಟಿ ಓದಿದರೆ ‘ಇಂಥವರದು’, ‘ಇಂಥವರದೆಂದು ನಂಬಿದ್ದು’, ‘ಇಂಥವರ ಬಳಗದ್ದು’, ‘ಇಂಥವರನ್ನು ನೋಡಿ ಬರೆದದ್ದು’ ಎಂದು ಹಂತಹಂತ ಇರುತ್ತದೆ. ಒಂದೊಂದು ಹಂತ ಇಳಿದಂತೆ ದರವೂ ಇಳಿಯುತ್ತದೆ. ಚಿತ್ರ ಯಾರ ಮನೆಯಲ್ಲಿತ್ತು, ಯಾರಿಂದ ಯಾರಿಗೆ ಹೋಯಿತು ಎಂಬ ಸರಪಳಿ ಕೈಯಲ್ಲಿದ್ದರೆ ಹರಾಜಿನಲ್ಲಿ ಅದು ಅರ್ಧ ಗೆದ್ದಂತೆ.

ಇನ್ನು ನಮ್ಮವರ ಮಾತು. ಕರ್ನಾಟಕದಲ್ಲಿ ನಿಸರ್ಗ ಬರೆದವರೆಂದರೆ ಮೊದಲು ನೆನಪಿಗೆ ಬರುವವರು ಕೆ. ವೆಂಕಟಪ್ಪ. 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರು. ಊಟಿ, ಕೊಡೈಕೆನಾಲುಗಳ ಅವರ ಜಲವರ್ಣಗಳಲ್ಲಿ ಮಂಜು ಕಣಿವೆಯಿಂದ ಏಳುವುದನ್ನು ನೋಡಿದರೆ ಆಗುಂಬೆ ಘಾಟಿಯಲ್ಲಿ ನಿಂತಂತೆ ಆಗುತ್ತದೆ. ಅವರ ಬಹಳಷ್ಟು ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ, ಅವರದೇ ಹೆಸರಿನ ಗ್ಯಾಲರಿಯಲ್ಲಿವೆ. ಸರ್ಕಾರದ ಸೊತ್ತು, ಮಾರಾಟಕ್ಕಿಲ್ಲ. ಮಾಲು ಮಾರುಕಟ್ಟೆಗೇ ಬರದಿದ್ದರೆ ದರ ಹುಟ್ಟುವುದೆಲ್ಲಿ? ಆದ್ದರಿಂದಲೇ ಹರಾಜಿನ ದರಪಟ್ಟಿ ಹಿಡಿದು ಚಿತ್ರಕಾರರನ್ನು ದೊಡ್ಡವರು, ಸಣ್ಣವರು ಎಂದು ಅಳೆಯುವುದು ನನಗೆ ಒಪ್ಪುವುದಿಲ್ಲ. ಆ ಅಳತೆಯಲ್ಲಿ ವೆಂಕಟಪ್ಪನವರು ಲೆಕ್ಕಕ್ಕೇ ಸಿಗುವುದಿಲ್ಲ.

ಕಾನೂನೂ ದರವನ್ನು ಕಟ್ಟಿಹಾಕುತ್ತದೆ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ರವಿವರ್ಮ, ಅಮೃತಾ ಶೇರ್‌ಗಿಲ್, ನಿಕೊಲಸ್ ರೋರಿಕ್ ಮೊದಲಾದ ಒಂಬತ್ತು ಮಂದಿಯ ಚಿತ್ರಗಳು ದೇಶದ ಕಲಾ ನಿಧಿ. ದೇಶದೊಳಗೆ ಮಾರಬಹುದು, ಹೊರಗೆ ಸಾಗಿಸುವಂತಿಲ್ಲ. ಹಿಮಾಲಯವನ್ನೇ ಬರೆಯುತ್ತ ಕುಲ್ಲು ಕಣಿವೆಯಲ್ಲಿ ಕಣ್ಣುಮುಚ್ಚಿದ ಈ ರೋರಿಕ್, ಬೆಂಗಳೂರಿನ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯವರೊಂದಿಗೆ ಬಾಳಿದ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ. 2013ರಲ್ಲಿ ಲಂಡನ್ನಿನಲ್ಲಿ ತಂದೆಯ ಒಂದು ಚಿತ್ರ 78 ಲಕ್ಷ ಪೌಂಡ್ ದಾಟಿತು. ಭಾರತದಲ್ಲಿರುವ ಅವರ ಚಿತ್ರ ಆ ಹರಾಜು ಕಟ್ಟೆಯನ್ನು ಹತ್ತುವಂತೆಯೇ ಇಲ್ಲ.

ಅದೇ ಕಾಯ್ದೆ ನಮ್ಮ ಊರಿಗೂ ಬರುತ್ತದೆ. 100 ವರ್ಷ ದಾಟಿದ ವಿಗ್ರಹ, ಚಿತ್ರ, ಕೆತ್ತನೆ, 75 ವರ್ಷ ದಾಟಿದ ಹಸ್ತಪ್ರತಿ ಇವು ಪ್ರಾಚ್ಯವಸ್ತುಗಳು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳ ಕಟ್ಟುಗಳನ್ನು ನೋಡಿದ್ದೀರಿ. ಅಂಥವು ಇನ್ನೂ ಕೆಲವರ ಅಟ್ಟದ ಮೇಲೆ ಇರಬಹುದು. ಹಳೆ ಸಾಮಾನು ಕೊಳ್ಳುವವರು ಬಾಗಿಲಿಗೆ ಬಂದು ಹೇಳುವ ದರ ಅಟ್ಟದ ಕಸಕ್ಕೆ ಹೇಳುವ ದರ.

ಕೊನೆಯದಾಗಿ ಹಸೆ ಚಿತ್ತಾರ. ನಮ್ಮ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಹಿಡಿದು ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯುತ್ತಾರೆ. ಒಂದು ಗೆರೆಯೂ ನಡುಗುವುದಿಲ್ಲ. ಮದುವೆಗೆ ಬರೆದ ಗೋಡೆ ಮತ್ತೆ ಸಾರಿಸಿದಾಗ ಹೋಯಿತು. ಅದಕ್ಕೆ ಹರಾಜಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಈಗ ಅದೇ ಚಿತ್ತಾರ ಬಟ್ಟೆ, ಹಲಗೆ, ಕಾಗದಕ್ಕೆ ಇಳಿದು ಪೇಟೆಗೆ ಹೋಗುತ್ತಿದೆ. ಅಲ್ಲಿಗೆ ಮೌವನ ಕುರಿಗಳ ಲೋಕಕ್ಕೆ ಕಾಲಿಟ್ಟಂತಾಯಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಪ್ರಕಾರ ಮೂಲಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಬರೆದವರಿಗೆ ಅಥವಾ ಅವರ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ, ಗರಿಷ್ಠ ಶೇ. 10. ಬರೆದವರು ಯಾರೆಂದೇ ಹಲಗೆಯ ಮೇಲೆ ಇಲ್ಲದಿದ್ದರೆ ಪಾಲು ಕೇಳುವವರು ಯಾರು? ಇಲ್ಲಿ ಚಿತ್ತಾರ ಬರೆಯುವ ಅಕ್ಕಂದಿರು ಯಾರಾದರೂ ಇದ್ದರೆ, ಹಲಗೆಯ ಹಿಂದೆ ಹೆಸರು, ಊರು, ತಾರೀಖು ಬರೆಯಿರಿ, ಕೊಂಡವರಿಂದ ರಸೀದಿ ಇಸಿದುಕೊಳ್ಳಿ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆಗಳಿದ್ದರೆ ಕೇಳಿ.